ಕಲಿಕೆ, ನೆನಪು, ಸ್ವಭಾವ, ಕಾಯಿಲೆ: ಮನಃಶಾಸ್ತ್ರದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಮನೆ ಮೈಸೂರಿನಲ್ಲಿ. ಪಾಠ ಮಾಡುವುದು ಮಂಡ್ಯದ ಒಂದು ಕಾಲೇಜಿನಲ್ಲಿ, ಪದವಿ ಮಕ್ಕಳಿಗೆ ಮನಃಶಾಸ್ತ್ರ. ದಿನಾ ರೈಲಿನಲ್ಲಿ ಓಡಾಟ. ತರಗತಿಯಲ್ಲಿ ಬರುವ ಪ್ರಶ್ನೆಗಳು ಒಂದು ಬಗೆ. ಗಂಟೆ ಹೊಡೆದ ಮೇಲೆ, ಉಳಿದವರೆಲ್ಲ ಆಚೆ ಹೋಗುವ ತನಕ ಕಾದು, ಬ್ಯಾಗ್ ಹೆಗಲಿಗೆ ಹಾಕಿಕೊಂಡೇ ಕೇಳುವ ಪ್ರಶ್ನೆಗಳು ಇನ್ನೊಂದು ಬಗೆ. "ಮೇಡಂ, ನಮ್ಮಣ್ಣ ಆರು ತಿಂಗಳಿಂದ ರೂಮಿಂದ ಆಚೆ ಬರ್ತಿಲ್ಲ" ಅಂತ ಶುರುವಾಗುವಂಥವು. ರೈಲಿನಲ್ಲಿ ಎದುರು ಸೀಟಿನ ತಾಯಂದಿರು ಕೇಳುವುದೂ ಉಂಟು. ಇಲ್ಲಿ ಎಲ್ಲವನ್ನೂ ಬೆರೆಸಿ ಬರೆದಿದ್ದೇನೆ. ಪಾಠದ ಪ್ರಶ್ನೆಗೂ ಮನೆಯ ಪ್ರಶ್ನೆಗೂ ಉತ್ತರ ಎಷ್ಟೋ ಸಲ ಒಂದೇ ಕಡೆ ಇರುತ್ತದೆ.

ಒಂದು ವಿಷಯ ನನ್ನನ್ನು ತುಂಬಾ ಕಾಡುತ್ತದೆ. ನಮ್ಮ ಕಡೆ ಕಾಯಿಲೆಗೆ ಸ್ವಭಾವದ ಹೆಸರಿಡುತ್ತೇವೆ: ಸೋಮಾರಿ, ಮೈಗಳ್ಳ, ಪುಕ್ಕಲು. ಸ್ವಭಾವಕ್ಕೆ ಕಾಯಿಲೆಯ ಹೆಸರಿಡುತ್ತೇವೆ: "ಅವಳು ಯಾರ ಜೊತೆಗೂ ಬೆರೆಯಲ್ಲ, ಏನೋ ಪ್ರಾಬ್ಲಂ ಇದೆ." ಈ ಅದಲುಬದಲಿನಿಂದ ಮಕ್ಕಳು ಪಡುವ ಪಾಡನ್ನು ಕಣ್ಣಾರೆ ಕಂಡಿದ್ದೇನೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮನಃಶಾಸ್ತ್ರ ಓದಿದವರು ಎದುರಿಗಿರುವವರ ಮನಸ್ಸು ಓದುತ್ತಾರಾ?

ಇಲ್ಲ. ಜನ ಏನು ಮಾಡುತ್ತಾರೆ, ಏನು ಹೇಳುತ್ತಾರೆ, ಎಷ್ಟು ಹೊತ್ತು ನೆನಪಿಡುತ್ತಾರೆ ಅನ್ನುವುದನ್ನು ನೋಡಿ, ಅಳೆದು, ಅದರಿಂದ ಮನಸ್ಸಿನ ಕೆಲಸವನ್ನು ತಿಳಿಯುವ ವಿದ್ಯೆ ಇದು. 1879ರಲ್ಲಿ ಜರ್ಮನಿಯ ಲೈಪ್ಜಿಗ್‌ನಲ್ಲಿ ವಿಲ್ಹೆಲ್ಮ್ ವುಂಟ್ ಪ್ರಯೋಗಾಲಯ ತೆರೆದಾಗಿನಿಂದ ಇದನ್ನು ಬೇರೆ ವಿಜ್ಞಾನ ಅಂತ ಎಣಿಸುತ್ತಾರೆ.

ಮೈಸೂರಿನವರಿಗೆ ಇದು ದೂರದ ವಿದ್ಯೆಯೇನೂ ಅಲ್ಲ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1924ರಲ್ಲೇ ಮನಃಶಾಸ್ತ್ರ ವಿಭಾಗ ಶುರುವಾಯಿತು. ದೇಶದಲ್ಲಿ ಅದಕ್ಕೆ ಮೊದಲು ಇದ್ದದ್ದು ಕಲ್ಕತ್ತೆಯದು. ಮೈಸೂರಿನ ವಿಭಾಗವನ್ನು ಕಟ್ಟಿದವರು ಎಂ.ವಿ. ಗೋಪಾಲಸ್ವಾಮಿ. ಲಂಡನ್ನಿನಲ್ಲಿ ಮನಃಶಾಸ್ತ್ರಜ್ಞ ಚಾರ್ಲ್ಸ್ ಸ್ಪಿಯರ್‌ಮನ್ ಅವರ ಬಳಿ ಕಲಿತು ಬಂದವರು. ಇದೇ ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆ 'ವಿಠ್ಠಲ ವಿಹಾರ'ದಲ್ಲಿ ಬಾನುಲಿ ಕೇಂದ್ರ ಶುರುಮಾಡಿದರು. ಅದರ ಹೆಸರು 'ಆಕಾಶವಾಣಿ'. ಆಮೇಲೆ ಆ ಹೆಸರು ಇಡೀ ದೇಶದ ರೇಡಿಯೊಗೆ ಆಯಿತು. ರೇಡಿಯೊ ಮೇಷ್ಟ್ರು ಅಂತ ಅವರನ್ನು ನೆನೆಯುವವರು ಬಹಳ ಜನ. ಮನಃಶಾಸ್ತ್ರದ ಮೇಷ್ಟ್ರು ಅನ್ನುವುದೂ ನೆನಪಿರಲಿ ಅಂತ ನನಗೆ ಆಸೆ.

ಕಲಿಕೆ ಅಂದ್ರೆ ಓದು ತಾನೇ?

ಓದು ಅದರ ಒಂದು ಮೂಲೆ ಅಷ್ಟೇ. ಅನುಭವದಿಂದ ನಮ್ಮ ನಡವಳಿಕೆಯಲ್ಲಿ ಬಂದು ನಿಲ್ಲುವ ಬದಲಾವಣೆಗೆಲ್ಲ ಕಲಿಕೆ ಅನ್ನುತ್ತೇವೆ. ಹುಡುಗನಿಗೆ ಮೀಸೆ ಬರುವುದು ಬೆಳವಣಿಗೆ. ನಾಲೆಯಲ್ಲಿ ಈಜು ಬರುವುದು ಕಲಿಕೆ. ಜ್ವರ ಬಂದಾಗ ಮಂಕಾಗುವುದು ಕಲಿಕೆಯಲ್ಲ, ಎರಡು ದಿನಕ್ಕೆ ಹೋಗುತ್ತದೆ. ಹೆದರುವುದನ್ನೂ ಕಲಿಯುತ್ತೇವೆ, ಸುಳ್ಳು ಹೇಳುವುದನ್ನೂ ಕಲಿಯುತ್ತೇವೆ. ಯಾರೂ ಕೂತು ಹೇಳಿಕೊಟ್ಟಿರುವುದಿಲ್ಲ.

ಪಾವ್ಲೋವ್ ನಾಯಿಯ ಕಥೆ ಪರೀಕ್ಷೆಗೆ ಉರು ಹೊಡೆದಿದ್ದೇವೆ. ನಮ್ಮ ಬದುಕಿಗೂ ಅದಕ್ಕೂ ಏನು ಸಂಬಂಧ?

ಮೈಸೂರು–ಬೆಂಗಳೂರು ರೈಲಿನಲ್ಲಿ ಕೂತವರಿಗೆ ಇದನ್ನು ವಿವರಿಸುವುದು ಸುಲಭ. ಬೋಗಿಯ ಆ ತುದಿಯಲ್ಲಿ "ವಡೆ, ವಡೆ, ಮದ್ದೂರ್ ವಡೇ" ಅಂತ ಕೂಗು ಕೇಳುತ್ತದೆ. ವಡೆ ಇನ್ನೂ ಕಣ್ಣಿಗೆ ಬಿದ್ದಿಲ್ಲ. ವಾಸನೆಯೂ ಬಂದಿಲ್ಲ. ಬಾಯಲ್ಲಿ ಆಗಲೇ ನೀರು. ಮೊದಲ ಸಲ ಈ ರೈಲು ಹತ್ತಿದ ಹೊರಗಿನವರಿಗೆ ಅದೇ ಕೂಗು ಬರೀ ಸದ್ದು.

ವಡೆ ತಿಂದರೆ ಜೊಲ್ಲು ಬರುವುದನ್ನು ಯಾರೂ ಕಲಿಸಬೇಕಿಲ್ಲ. ಕೂಗಿಗೆ ಜೊಲ್ಲು ಬರುವುದು ಮಾತ್ರ ಕಲಿತದ್ದು. ಕೂಗು, ಹಿಂದೆಯೇ ವಡೆ, ಮತ್ತೆ ಕೂಗು, ಮತ್ತೆ ವಡೆ. ಹೀಗೆ ಎರಡೂ ಅಂಟಿಕೊಳ್ಳುತ್ತವೆ. ಇದೇ ಶಾಸ್ತ್ರೀಯ ಅನುಬಂಧನ. ಕೆಲವು ಪುಸ್ತಕಗಳಲ್ಲಿ ಅಭಿಜಾತ ಅನುಬಂಧನ ಅಂತ ಇರುತ್ತದೆ, ಎರಡೂ ಒಂದೇ. ಇವಾನ್ ಪಾವ್ಲೋವ್ ಮನಃಶಾಸ್ತ್ರಜ್ಞರಲ್ಲ, ಶರೀರಶಾಸ್ತ್ರಜ್ಞರು. 1904ರಲ್ಲಿ ಅವರಿಗೆ ನೊಬೆಲ್ ಬಂದದ್ದು ಜೀರ್ಣಕ್ರಿಯೆಯ ಕೆಲಸಕ್ಕೆ. ಊಟ ತರುವವನ ಹೆಜ್ಜೆ ಸದ್ದಿಗೇ ನಾಯಿ ಜೊಲ್ಲು ಸುರಿಸುವುದನ್ನು ಗಮನಿಸಿ ಈ ದಾರಿಗೆ ಬಂದರು. ಊಟಕ್ಕೆ ಮುಂಚೆ ಪ್ರತಿ ಸಲ ಒಂದು ಸದ್ದು ಕೇಳಿಸುತ್ತಾ ಬಂದರೆ, ಕೊನೆಗೆ ಬರೀ ಸದ್ದಿಗೇ ನಾಯಿ ಜೊಲ್ಲು ಸುರಿಸುತ್ತದೆ ಅಂತ ತೋರಿಸಿದರು. ಕಥೆಯಲ್ಲಿ ಗಂಟೆ ಅಂತ ಬರುತ್ತದೆ, ಅವರು ಅದಕ್ಕಿಂತ ಜಾಸ್ತಿ ಬಳಸಿದ್ದು ಟಕ್ ಟಕ್ ಅಂತ ತಾಳ ಹಾಕುವ ಮೆಟ್ರೊನೋಮ್ ಅನ್ನುವ ಯಂತ್ರ.

ಇದರ ಇನ್ನೊಂದು ಮುಖ ತೆನಾಲಿ ರಾಮನ ಬೆಕ್ಕು. ಒಂದೇ ಸಲ ಕುದಿಯುವ ಹಾಲಿಗೆ ಮೂತಿ ಸುಟ್ಟುಕೊಂಡಿತು. ಆಮೇಲೆ ಹಾಲು ಕಂಡರೆ ಓಟ. ರುಚಿಗೆ ಹತ್ತಾರು ಸಲ ಬೇಕಾದರೆ, ಭಯಕ್ಕೆ ಎಷ್ಟೋ ಸಲ ಒಂದೇ ಏಟು ಸಾಕು. ಈ ಬೆಕ್ಕನ್ನು ನೆನಪಿಟ್ಟುಕೊಳ್ಳಿ, ಮುಂದೆ ಆತಂಕದ ಪ್ರಶ್ನೆಯಲ್ಲಿ ಮತ್ತೆ ಬರುತ್ತದೆ.

ಮಗು ಅಂಗಡಿ ಮುಂದೆ ಬಿದ್ದು ಹೊರಳಾಡಿ ರಚ್ಚೆ ಹಿಡಿಯುತ್ತೆ. ಹೊಡೆಯದೇ ಸರಿ ಹೋಗುತ್ತಾ?

ದಸರಾ ವಸ್ತುಪ್ರದರ್ಶನದಲ್ಲಿ ನಾನೇ ನೋಡಿದ ಒಂದು ಸಂಸಾರ. ನಾಲ್ಕು ವರ್ಷದ ಹುಡುಗ ಸೋಪಿನ ಗುಳ್ಳೆ ಊದುವ ಗನ್ ಕೇಳಿದ. ಅಪ್ಪ ಬೇಡ ಅಂದರು. ಅತ್ತ. ಬೇಡ ಅಂದರು. ನೆಲಕ್ಕೆ ಬಿದ್ದ. ಸುತ್ತ ಜನ ನೋಡತೊಡಗಿದರು. ಅಪ್ಪ ಬೆವರು ಒರೆಸಿಕೊಂಡು ಗನ್ ಕೊಡಿಸಿದರು. ಅಳು ನಿಂತಿತು.

ಅಲ್ಲಿ ಇಬ್ಬರು ಕಲಿತರು. ನೆಲಕ್ಕೆ ಬಿದ್ದರೆ ಸಿಗುತ್ತದೆ ಅಂತ ಮಗು ಕಲಿಯಿತು. ಕೊಡಿಸಿದರೆ ಅಳು ನಿಲ್ಲುತ್ತದೆ ಅಂತ ಅಪ್ಪ ಕಲಿತರು. ಮಗುವಿಗೆ ಬೇಕಾದದ್ದು ಸಿಕ್ಕಿದ್ದು ಧನಾತ್ಮಕ ಪುನರ್ಬಲನ. ಅಪ್ಪನಿಗೆ ಬೇಡವಾದದ್ದು ತಪ್ಪಿದ್ದು ಋಣಾತ್ಮಕ ಪುನರ್ಬಲನ. ನನ್ನ ವಿದ್ಯಾರ್ಥಿಗಳಲ್ಲಿ ಅರ್ಧ ಜನ ಋಣಾತ್ಮಕ ಪುನರ್ಬಲನ ಅಂದರೆ ಶಿಕ್ಷೆ ಅಂತ ಬರೆದು ಅಂಕ ಕಳೆದುಕೊಳ್ಳುತ್ತಾರೆ. ಪುನರ್ಬಲನ ಯಾವ ಬಗೆಯದಾದರೂ ನಡವಳಿಕೆ ಹೆಚ್ಚುತ್ತದೆ. ಶಿಕ್ಷೆ ಅದನ್ನು ತಗ್ಗಿಸಲು ಕೊಡುವುದು.

ಪ್ರತಿ ಸಲ ಕೊಡಿಸಿದ್ದರೆ ಆ ಹಟ ಬಿಡಿಸುವುದು ಅಷ್ಟು ಕಷ್ಟವಿಲ್ಲ. ಒಮ್ಮೆ ಕೊಡಿಸಿ, ಮೂರು ಸಲ ಬೇಡ ಅಂದು, ಮತ್ತೆ ಸೋತು ಕೊಡಿಸುತ್ತೀರಲ್ಲ, ಆಗ ಹಟ ಗಟ್ಟಿಯಾಗುತ್ತದೆ. ಅಮೆರಿಕದ ಮನಃಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಪಾರಿವಾಳಗಳ ಮೇಲೆ ತೋರಿಸಿದ್ದು ಇದನ್ನೇ. ಯಾವಾಗ ಸಿಗುತ್ತದೆ ಅಂತ ಗೊತ್ತಿಲ್ಲದಾಗ ಪ್ರಯತ್ನ ಬಿಡುವುದು ಬಹಳ ಕಷ್ಟ. ಜೂಜು ಬಿಡಿಸಲಾಗದ್ದಕ್ಕೂ, ಮೊಬೈಲನ್ನು ಸುಮ್ನೆ ಮತ್ತೆ ಮತ್ತೆ ತೆಗೆದು ನೋಡುವುದಕ್ಕೂ ಇದೇ ಕಾರಣ.

ಹಾಗಾದರೆ ಏನು ಮಾಡಬೇಕು? ಕೊಡಿಸುವುದಾದರೆ ಅಳುವ ಮೊದಲೇ ಕೊಡಿಸಿ. ಬೇಡ ಅಂದರೆ ಬೇಡ ಅಂತಲೇ ನಿಲ್ಲಿ. ಮೊದಲ ಕೆಲವು ಸಲ ಅಳು ಜೋರಾಗುತ್ತದೆ. ಅದು ನಂದುವ ಮೊದಲು ಬರುವ ಭುಗಿಲು. ಅಲ್ಲಿ ಸೋತರೆ ಇನ್ನೂ ಜೋರಾಗಿ ಅಳುವುದನ್ನು ಕಲಿಸಿದಂತಾಗುತ್ತದೆ. ಸುಮ್ಮನಿದ್ದ ಗಳಿಗೆಯಲ್ಲಿ ಎತ್ತಿಕೊಂಡು ಮಾತಾಡಿಸಿ. ಹೊಡೆತ ಆ ಕ್ಷಣಕ್ಕೆ ನಿಲ್ಲಿಸುತ್ತದೆ, ಆದರೆ ಬದಲಿಗೆ ಏನು ಮಾಡಬೇಕು ಅಂತ ಹೇಳಿಕೊಡುವುದಿಲ್ಲ. ಅದರ ಜೊತೆಗೆ, ದೊಡ್ಡವರು ಚಿಕ್ಕವರಿಗೆ ಹೊಡೆಯಬಹುದು ಅನ್ನುವುದನ್ನು ಮಗು ನೋಡಿ ಕಲಿಯುತ್ತದೆ. ನೋಡಿಯೇ ಕಲಿಯುವುದನ್ನು ಆಲ್ಬರ್ಟ್ ಬಂಡೂರಾ 1961ರಲ್ಲಿ ಬೋಬೋ ಗೊಂಬೆಯ ಪ್ರಯೋಗದಲ್ಲಿ ತೋರಿಸಿದರು. ದೊಡ್ಡವರು ಗೊಂಬೆಗೆ ಗುದ್ದುವುದನ್ನು ನೋಡಿದ ಮಕ್ಕಳು ಅದೇ ರೀತಿ ಗುದ್ದಿದರು, ಅದೇ ಮಾತು ಆಡಿದರು.

ನನ್ನ ಮಗಳು ಎಷ್ಟು ಓದಿದರೂ ಮರೆಯುತ್ತಾಳೆ. ನೆನಪಿನ ಶಕ್ತಿ ಕಡಿಮೆನಾ?

ಬಹುತೇಕ ಸಲ ಶಕ್ತಿ ಸರಿ ಇರುತ್ತದೆ, ಓದುವ ರೀತಿ ಸರಿ ಇರುವುದಿಲ್ಲ.

ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳ ಪಟ್ಟಿ ಮಾಡಿ, ತಾವೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆ ಅಂತ ವರ್ಷಗಟ್ಟಲೆ ಲೆಕ್ಕ ಇಟ್ಟರು. 1885ರಲ್ಲಿ ಪ್ರಕಟಿಸಿದರು. ಮೊದಲ ಒಂದು ಗಂಟೆಯಲ್ಲೇ ಅರ್ಧಕ್ಕಿಂತ ಜಾಸ್ತಿ ಜಾರಿಹೋಗಿತ್ತು. ಆಮೇಲೆ ಜಾರುವ ವೇಗ ಇಳಿಯಿತು. ಮರೆವು ಎಲ್ಲರಿಗೂ ಹೀಗೇ. ನಿಮ್ಮ ಮಗಳಿಗೊಬ್ಬಳಿಗೇ ಬಂದದ್ದಲ್ಲ.

ನಾನು ವಿದ್ಯಾರ್ಥಿಗಳಿಗೆ ಹೇಳುವುದು ಒಂದೇ ಕೆಲಸ. ಪುಟ ಓದಿ, ಪುಸ್ತಕ ಮುಚ್ಚಿ, ಖಾಲಿ ಹಾಳೆಯಲ್ಲಿ ನೆನಪಿದ್ದದ್ದನ್ನು ಬರೆಯಿರಿ. ಆಮೇಲೆ ತೆಗೆದು ಬಿಟ್ಟುಹೋದದ್ದನ್ನು ನೋಡಿ. ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಒಂದು ಗುಂಪು ಒಂದು ಭಾಗವನ್ನು ಎರಡು ಸಲ ಓದಿತು. ಇನ್ನೊಂದು ಗುಂಪು ಒಂದು ಸಲ ಓದಿ, ಒಂದು ಸಲ ನೆನಪಿನಿಂದ ಬರೆಯಿತು. ಐದು ನಿಮಿಷದ ನಂತರ ಕೇಳಿದಾಗ ಎರಡು ಸಲ ಓದಿದವರೇ ಮುಂದು. ಒಂದು ವಾರ ಬಿಟ್ಟು ಕೇಳಿದಾಗ ಅವರಿಗೆ ನೆನಪಿದ್ದದ್ದು ಶೇ. 42, ಬರೆದು ನೋಡಿದವರಿಗೆ ಶೇ. 56. ಪರೀಕ್ಷೆ ಬರುವುದು ಐದು ನಿಮಿಷ ಬಿಟ್ಟು ಅಲ್ಲವಲ್ಲ.

ಹಳದಿ ಬಣ್ಣದ ಪೆನ್ನಿನಲ್ಲಿ ಗೀಟು ಹಾಕಿಕೊಂಡು ಮೂರು ಸಲ ಓದಿದಾಗ ಎಲ್ಲ ಬಂತು ಅನ್ನಿಸುತ್ತದೆ. ಕಣ್ಣಿಗೆ ಪರಿಚಯವಾಗಿದೆ ಅಷ್ಟೇ. ಖಾಲಿ ಹಾಳೆ ಮುಂದೆ ಕೂತಾಗ ಬರದಿದ್ದರೆ ಬಂದಿಲ್ಲ ಅಂತಲೇ ಅರ್ಥ. ಇದು ಮೊದಮೊದಲು ಬೇಸರ ತರುತ್ತದೆ. ಮಕ್ಕಳು "ನಂಗೆ ಏನೂ ಬರಲ್ಲ" ಅಂತ ಅಳುತ್ತಾರೆ. ಆಗ ಪಕ್ಕದಲ್ಲಿ ಕೂತು, ನೆನಪು ಮಾಡಿಕೊಳ್ಳಲು ಒದ್ದಾಡುವ ಆ ನಿಮಿಷದಲ್ಲೇ ಪಾಠ ಗಟ್ಟಿಯಾಗುವುದು ಅಂತ ಹೇಳಿ. ಜೊತೆಗೆ ಓದನ್ನು ಹಂಚಿಕೊಳ್ಳಿ. ಒಂದೇ ದಿನ ನಾಲ್ಕು ಗಂಟೆ ಕೂರುವುದಕ್ಕಿಂತ ನಾಲ್ಕು ದಿನ ಒಂದೊಂದು ಗಂಟೆ ಒಳ್ಳೆಯದು. ರಾತ್ರಿಯೆಲ್ಲ ಎದ್ದು ಓದಿಸಬೇಡಿ. ಹಗಲು ಕಲಿತದ್ದು ಊರಿಕೊಳ್ಳಲು ನಿದ್ದೆ ಬೇಕು.

ಒಂದೆಲಗ, ಬಾದಾಮಿ, ನೆನಪಿನ ಟಾನಿಕ್ ಕೊಟ್ಟರೆ?

ಒಂದೆಲಗದ ಚಟ್ನಿ ಊಟಕ್ಕೆ ಒಳ್ಳೆಯದು, ಮಾಡಿಕೊಡಿ. ಟಾನಿಕ್ಕಿಗೆ ಕೊಡುವ ದುಡ್ಡಿನಲ್ಲಿ ಖಾಲಿ ನೋಟ್‌ಬುಕ್ ಕೊಡಿಸಿ.

ನೆನಪು ಎಷ್ಟು ಬಗೆ? ಅಜ್ಜಿಗೆ ಹಳೆಯದೆಲ್ಲ ನೆನಪಿದೆ, ಬೆಳಿಗ್ಗೆ ತಿಂದ ತಿಂಡಿ ನೆನಪಿಲ್ಲ. ಯಾಕೆ?

ಪರೀಕ್ಷೆಗೆ ಬರೆಯುವುದಾದರೆ: ಇಂದ್ರಿಯ ಸ್ಮೃತಿ (ಕಣ್ಣು ಕಿವಿಗೆ ಬಿದ್ದದ್ದು ಕ್ಷಣ ಮಾತ್ರ ಉಳಿಯುವುದು), ಅಲ್ಪಾವಧಿ ಸ್ಮೃತಿ (ಸ್ವಲ್ಪ ಹೊತ್ತು ಮನಸ್ಸಿನಲ್ಲಿ ಹಿಡಿದಿಡುವುದು), ದೀರ್ಘಾವಧಿ ಸ್ಮೃತಿ (ಬಹುಕಾಲ ಉಳಿಯುವುದು). ಹೀಗೆ ವಿಂಗಡಿಸಿದವರು ಅಟ್ಕಿನ್‌ಸನ್ ಮತ್ತು ಶಿಫ್ರಿನ್, 1968ರಲ್ಲಿ. ಅಲ್ಪಾವಧಿ ಸ್ಮೃತಿಯಲ್ಲಿ ಒಮ್ಮೆಗೆ ಸುಮಾರು ಏಳು ವಿಷಯ ಹಿಡಿಯುತ್ತದೆ ಅಂತ ಜಾರ್ಜ್ ಮಿಲ್ಲರ್ 1956ರಲ್ಲಿ ಬರೆದರು. ನಾಲ್ಕೇ ಇರಬಹುದು ಅನ್ನುವುದು ಈಚಿನ ಲೆಕ್ಕ. ಹತ್ತು ಅಂಕಿಯ ಫೋನ್ ನಂಬರನ್ನು ಬಿಡಿಸಿ ಬಿಡಿಸಿ ಗುಂಪು ಮಾಡಿ ಹೇಳುವುದು ಅದಕ್ಕೇ.

ಅಜ್ಜಿಯ ವಿಷಯಕ್ಕೆ ಬರೋಣ. ಹಳೆಯ ನೆನಪು ಎಂದೋ ಊರಿಕೊಂಡಿದೆ. ಹೊಸದು ಊರಿಕೊಳ್ಳಲು ಮಿದುಳಿನ ಹಿಪ್ಪೊಕ್ಯಾಂಪಸ್ ಅನ್ನುವ ಭಾಗ ಬೇಕು. ಇದು ಖಚಿತವಾದದ್ದು ಹೆನ್ರಿ ಮೊಲೈಸನ್ ಅನ್ನುವ ಅಮೆರಿಕದ ಒಬ್ಬರಿಂದ. ಮೂರ್ಛೆರೋಗಕ್ಕಾಗಿ 1953ರಲ್ಲಿ ಅವರ ಮಿದುಳಿನ ಎರಡೂ ಕಡೆ ಆ ಭಾಗವನ್ನು ಬಹುಪಾಲು ತೆಗೆದರು. ಆಗ ಅವರಿಗೆ 27 ವರ್ಷ. ಅಲ್ಲಿಂದ 2008ರಲ್ಲಿ ತೀರಿಕೊಳ್ಳುವ ತನಕ ಹೊಸ ನೆನಪು ಹೆಚ್ಚುಕಡಿಮೆ ನಿಲ್ಲಲೇ ಇಲ್ಲ. ಆದರೆ ಕನ್ನಡಿಯಲ್ಲಿ ನೋಡಿಕೊಂಡು ನಕ್ಷತ್ರದ ಗೆರೆ ತಿದ್ದುವುದನ್ನು ಮನಃಶಾಸ್ತ್ರಜ್ಞೆ ಬ್ರೆಂಡಾ ಮಿಲ್ನರ್ ಮೊಲೈಸನ್ ಕೈಲಿ ಮಾಡಿಸಿದಾಗ ದಿನದಿಂದ ದಿನಕ್ಕೆ ಕೈ ಪಳಗಿತು. ಹಿಂದೆ ಮಾಡಿದ್ದು ಮಾತ್ರ ಅವರಿಗೆ ನೆನಪಿರಲಿಲ್ಲ. ಕೈಯ ನೆನಪು ಬೇರೆ, ನಡೆದದ್ದರ ನೆನಪು ಬೇರೆ.

ನಮ್ಮ ಅಜ್ಜಿಗೆ ಕೊನೆಕೊನೆಗೆ ಮರೆವಿನ ಕಾಯಿಲೆ ಬಂತು. ನನ್ನನ್ನು ಅಮ್ಮನ ಹೆಸರಿನಿಂದ ಕರೆಯುತ್ತಿದ್ದರು, ಆಮೇಲೆ ಅದೂ ಇಲ್ಲ. ಒಂದು ದಿನ ಅಮ್ಮ ದೇವರಾಜ ಮಾರುಕಟ್ಟೆಯಿಂದ ಬಿಡಿ ಮಲ್ಲಿಗೆ ತಂದು ಅಜ್ಜಿಯ ಮುಂದೆ ಸುರಿದು, ಬಾಳೆನಾರು ಇಟ್ಟರು. ಅಜ್ಜಿ ನಾರನ್ನು ನೀರಿಗೆ ಅದ್ದಿದರು. ಎರಡು ಮೊಗ್ಗು ಈ ಕಡೆ, ಎರಡು ಆ ಕಡೆ, ಒಂದು ಸುತ್ತು, ಬೆರಳಿನಿಂದ ಒಂದು ಎಳೆತ. ನಾವು ಯಾರೂ ಮಾತಾಡಲಿಲ್ಲ. ಎರಡು ಮೊಳ ಕಟ್ಟಿ ಮುಗಿಸಿ ನನ್ನ ಮುಡಿಗೇ ಇಟ್ಟರು. ಮನೆಯಲ್ಲಿ ಇಂಥವರಿದ್ದರೆ "ಇದು ಯಾರು ಹೇಳು, ನೆನಪಿಲ್ವಾ" ಅಂತ ಪರೀಕ್ಷೆ ಮಾಡಬೇಡಿ. ಕೈಗೆ ಗೊತ್ತಿರುವ ಕೆಲಸ ಕೊಡಿ. ಅವರೆಕಾಯಿ ಸುಲಿಯುವುದಾದರೂ ಸರಿ. ಮತ್ತೆ, ಮರೆವು ಹೀಗೆ ಹೆಚ್ಚುತ್ತಿದ್ದರೆ ವಯಸ್ಸಾಯಿತು ಅಂತ ಬಿಡಬೇಡಿ. ಥೈರಾಯ್ಡ್, ಬಿ12 ಕೊರತೆ, ಖಿನ್ನತೆಯಿಂದಲೂ ಮರೆವು ಬರುತ್ತದೆ. ಅವಕ್ಕೆ ಚಿಕಿತ್ಸೆ ಇದೆ.

ಕಣ್ಣಾರೆ ಕಂಡದ್ದೂ ತಪ್ಪಾಗಿ ನೆನಪಿರಬಹುದಾ?

ಇರಬಹುದು. ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ 1974ರಲ್ಲಿ ಕಾರು ಅಪಘಾತದ ಚಿತ್ರಣ ತೋರಿಸಿ, 50 ಜನರಿಗೆ "ಕಾರುಗಳು ಅಪ್ಪಳಿಸಿದಾಗ ವೇಗ ಎಷ್ಟಿತ್ತು" ಅಂತಲೂ, ಇನ್ನು 50 ಜನರಿಗೆ "ತಾಗಿದಾಗ" ಅನ್ನುವಂಥ ಮೆತ್ತಗಿನ ಪದ ಹಾಕಿಯೂ ಕೇಳಿದರು. ವಾರದ ನಂತರ ಒಡೆದ ಗಾಜು ನೋಡಿದಿರಾ ಅಂದಾಗ ಮೊದಲ ಗುಂಪಿನ 16 ಜನ, ಎರಡನೆಯ ಗುಂಪಿನ 7 ಜನ ಹೌದು ಅಂದರು. ಅಲ್ಲಿ ಗಾಜು ಒಡೆದೇ ಇರಲಿಲ್ಲ. ಮನೆ ಜಗಳದಲ್ಲಿ "ನೀನು ಅವತ್ತು ಹೀಗೇ ಅಂದೆ" ಅಂತ ಇಬ್ಬರೂ ಆಣೆ ಮಾಡುತ್ತಾರಲ್ಲ, ಇಬ್ಬರಲ್ಲಿ ಯಾರೂ ಸುಳ್ಳು ಹೇಳುತ್ತಿರಲಿಕ್ಕಿಲ್ಲ.

'ಹುಟ್ಟುಗುಣ ಸುಟ್ಟರೂ ಹೋಗದು' ಅನ್ನುವುದು ನಿಜಾನಾ?

ಅರ್ಧ ನಿಜ. ಅವಳಿಮಕ್ಕಳನ್ನು ಹೋಲಿಸಿ ನೋಡಿದ ಅಧ್ಯಯನಗಳ ಪ್ರಕಾರ ಜನರ ನಡುವಿನ ಸ್ವಭಾವದ ವ್ಯತ್ಯಾಸದಲ್ಲಿ ಸುಮಾರು ಅರ್ಧ ಭಾಗ ವಂಶದಿಂದ ಬಂದದ್ದು. ಉಳಿದದ್ದು ಬದುಕಿನಿಂದ.

ಸ್ವಭಾವವನ್ನು ಅಳೆಯುವುದು ಹೇಗೆ ಅಂತ ಹೊರಟವರು ಮೊದಲು ಹೋದದ್ದು ನಿಘಂಟಿಗೆ. 1936ರಲ್ಲಿ ಆಲ್‌ಪೋರ್ಟ್ ಮತ್ತು ಓಡ್‌ಬರ್ಟ್ ಇಂಗ್ಲಿಷಿನಲ್ಲಿ ಮನುಷ್ಯರನ್ನು ಬಣ್ಣಿಸುವ ಪದಗಳನ್ನು ಹೆಕ್ಕಿದಾಗ ಹದಿನೆಂಟು ಸಾವಿರದಷ್ಟು ಸಿಕ್ಕವು. ಒಂದರಂತಿರುವುದನ್ನು ಒಟ್ಟುಗೂಡಿಸುತ್ತಾ ಬಂದವರಿಗೆ ಕೊನೆಗೆ ಐದು ಗುಂಪು ಉಳಿದವು. ಹೊಸದಕ್ಕೆ ತೆರೆದುಕೊಳ್ಳುವುದು, ಶಿಸ್ತಿನಿಂದ ಕೆಲಸ ಮಾಡುವುದು, ಜನರೊಂದಿಗೆ ಬೆರೆಯುವುದು, ಹೊಂದಿಕೊಂಡು ಹೋಗುವುದು, ಬೇಗ ಕಳವಳಗೊಳ್ಳುವುದು. ಎಲ್ಲರಲ್ಲೂ ಐದೂ ಇವೆ. ಪ್ರಮಾಣ ಬೇರೆ ಬೇರೆ. ವಯಸ್ಸಾದಂತೆ ಸಾಮಾನ್ಯವಾಗಿ ಶಿಸ್ತು ಮತ್ತು ಹೊಂದಾಣಿಕೆ ಏರುತ್ತವೆ, ಕಳವಳ ಇಳಿಯುತ್ತದೆ. ಹದಿನೆಂಟರ ಹುಡುಗನನ್ನು ನೋಡಿ "ಇವನು ಇಷ್ಟೇ" ಅನ್ನಬೇಡಿ.

ವಿಯೆನ್ನಾದ ವೈದ್ಯ ಫ್ರಾಯ್ಡ್ ಬಗ್ಗೆಯೂ ಕೇಳುತ್ತಾರೆ. ಅವರು ಮನಸ್ಸಿಗೆ ಮಾಡಿದ ಮೂರು ಭಾಗ, ಇಡ್ (ಆಸೆ), ಈಗೋ (ಆಸೆಯನ್ನು ವಾಸ್ತವಕ್ಕೆ ಹೊಂದಿಸುವುದು), ಸೂಪರ್ ಈಗೋ (ಸರಿತಪ್ಪು ಹೇಳುವುದು), ಪರೀಕ್ಷೆಗೆ ಓದಿಕೊಳ್ಳಿ. ನಮಗೆ ಗೊತ್ತಿಲ್ಲದೆಯೂ ಮನಸ್ಸು ಕೆಲಸ ಮಾಡುತ್ತದೆ ಅನ್ನುವ ಮಾತು ಉಳಿದಿದೆ. ಉಳಿದ ಬಹಳಷ್ಟು ಪರೀಕ್ಷೆಗೆ ಒಡ್ಡಿದಾಗ ನಿಲ್ಲಲಿಲ್ಲ.

ಮೊಬೈಲಿನ ಪರ್ಸನಾಲಿಟಿ ಟೆಸ್ಟಿನಲ್ಲಿ ನಾನು ಅಂತರ್ಮುಖಿ ಅಂತ ಬಂತು. ಇದು ತೊಂದರೆನಾ?

ಅಲ್ಲವೇ ಅಲ್ಲ. ಅಂತರ್ಮುಖಿ ಅನ್ನುವುದು ಸ್ವಭಾವ, ಕಾಯಿಲೆಯಲ್ಲ. ಜನರ ಜೊತೆಗಿಂತ ಒಬ್ಬರೇ ಇರುವುದು ಹಾಯ್ ಅನ್ನಿಸುವವರು ಅಂತರ್ಮುಖಿಗಳು, ಜನರ ನಡುವೆ ಇರಬೇಕು ಅನ್ನಿಸುವವರು ಬಹಿರ್ಮುಖಿಗಳು. ಹೆಚ್ಚಿನವರು ಎರಡರ ನಡುವೆ ಎಲ್ಲೋ ಇರುತ್ತಾರೆ. ಇನ್ನು ಆ ಟೆಸ್ಟು "ನನ್ನ ಬಗ್ಗೆ ಕರೆಕ್ಟಾಗಿ ಹೇಳ್ತು" ಅನ್ನಿಸುವುದಕ್ಕೆ ಒಂದು ಕಾರಣವಿದೆ. ಬರ್ಟ್ರಂ ಫೋರರ್ ಅನ್ನುವ ಅಧ್ಯಾಪಕರು 39 ವಿದ್ಯಾರ್ಥಿಗಳಿಗೆ ಟೆಸ್ಟು ಕೊಟ್ಟು, ಎಲ್ಲರಿಗೂ ಒಂದೇ ವರದಿ ಹಂಚಿದರು. ಒಬ್ಬೊಬ್ಬರೂ ಅದು ತಮಗೇ ಬರೆದದ್ದು ಅಂದುಕೊಂಡರು. ಐದಕ್ಕೆ ಸರಾಸರಿ 4.26 ಅಂಕ ಕೊಟ್ಟರು. ಆ ಸಾಲುಗಳನ್ನು ಫೋರರ್ ಬಹುಪಾಲು ತೆಗೆದುಕೊಂಡದ್ದು ಜ್ಯೋತಿಷ್ಯದ ಪುಸ್ತಕದಿಂದ.

ಹಾಗಾದರೆ ಯಾವಾಗ ಅದನ್ನು ಕಾಯಿಲೆ ಅನ್ನಬೇಕು?

ಮೂರು ವಿಷಯ ನೋಡಿ. ಮೊದಲಿಗಿಂತ ಬದಲಾಗಿದ್ದಾರಾ? ಅದು ವಾರಗಟ್ಟಲೆ ಉಳಿದಿದೆಯಾ? ಊಟ, ನಿದ್ದೆ, ಓದು, ಕೆಲಸ, ಸಂಬಂಧ ಕೆಡುತ್ತಿವೆಯಾ? ಖಿನ್ನತೆಗೆ ವೈದ್ಯರು ಇಟ್ಟುಕೊಂಡ ಅಳತೆ, ಕನಿಷ್ಠ ಎರಡು ವಾರ ಹೆಚ್ಚುಕಡಿಮೆ ದಿನಾ ಮನಸ್ಸು ಕುಗ್ಗಿರುವುದು ಅಥವಾ ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು. ಜೊತೆಗೆ ನಿದ್ದೆ, ಹಸಿವು, ಸುಸ್ತು, ಗಮನ, ತಾನು ಕೆಲಸಕ್ಕೆ ಬಾರದವನು ಅನ್ನಿಸುವುದು, ಸಾಯುವ ಯೋಚನೆ ಇಂಥವು ಸೇರಿ ಒಟ್ಟು ಐದು ಲಕ್ಷಣ. ಇದನ್ನು ಓದಿ ನೀವೇ ತೀರ್ಮಾನ ಮಾಡಬೇಡಿ. ತೋರಿಸಬೇಕಾ ಬೇಡವಾ ಅನ್ನುವುದಕ್ಕೆ ಇದು ಸಾಕು.

ನನ್ನ ತರಗತಿಯಲ್ಲಿ ಒಬ್ಬ ಇದ್ದ. ಮೊದಲ ವರ್ಷ ಎರಡನೇ ಬೆಂಚಿನಲ್ಲಿ ಕೂತು, ಬಾಯಿ ತುಂಬ ಮಾತಾಡುತ್ತಿದ್ದ ಹುಡುಗ. ಕಬ್ಬು ಬೆಳೆಯುವ ಮನೆ. ಎರಡನೇ ವರ್ಷ ಹಿಂದಿನ ಬೆಂಚಿಗೆ ಹೋದ. ಆಮೇಲೆ ತಲೆ ಬೆಂಚಿನ ಮೇಲೆ. ಆಮೇಲೆ ಬರುವುದೇ ಕಡಿಮೆ. "ಸೋಮಾರಿ ಆಗ್ಬಿಟ್ಟ" ಅಂತ ಎಲ್ಲರೂ ಅಂದರು. ನಾನೂ ಒಂದು ದಿನ ತರಗತಿಯಲ್ಲಿ ಎಲ್ಲರೆದುರು ಬೈದೆ. ಅವನ ಉಗುರುಗಳು ಬೆಳೆದು ಕೊಳೆಯಾಗಿದ್ದವು. ಅವನು ಮೊದಲು ಇಸ್ತ್ರಿ ಅಂಗಿ ಹಾಕಿಕೊಂಡು ಬರುತ್ತಿದ್ದವನು. ಬೈಯುತ್ತಿರುವಾಗಲೇ ಆ ಉಗುರು ನನ್ನ ಕಣ್ಣಿಗೆ ಬಿತ್ತು. ಸಂಜೆ ಕರೆದು ಕೂರಿಸಿ ಕೇಳಿದೆ. "ಬೆಳಿಗ್ಗೆ ಮೂರಕ್ಕೇ ಎಚ್ಚರ ಆಗುತ್ತೆ ಮೇಡಂ. ಹಲ್ಲುಜ್ಜೋಕೂ ಕೈ ಏಳಲ್ಲ" ಅಂದ. ವಾರದೊಳಗೆ ಅವನ ಚಿಕ್ಕಪ್ಪನ ಜೊತೆ ಮನೋವೈದ್ಯರ ಹತ್ತಿರ ಹೋದ. ಎರಡು ತಿಂಗಳಿಗೆ ಮುಖದಲ್ಲಿ ಕಳೆ ಬಂತು. ಆ ಬೈಗುಳಕ್ಕೆ ನಾನು ಅವನ ಹತ್ತಿರ ಕ್ಷಮೆ ಕೇಳಿದ್ದೇನೆ.

ಇದು ಅಪರೂಪ ಅಂದುಕೊಳ್ಳಬೇಡಿ. ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ ಆ ಹೊತ್ತಿಗೆ ಒಂದಲ್ಲ ಒಂದು ಮಾನಸಿಕ ಕಾಯಿಲೆ ಇದ್ದ ವಯಸ್ಕರು ಶೇ. 10.6.

ಭಯ, ಆತಂಕ ತಾನಾಗಿಯೇ ಹೋಗಲ್ವಾ? ಹೆದರುವುದರಿಂದ ದೂರ ಇದ್ದರೆ ಸಾಕಲ್ವಾ?

ದೂರ ಇರುವುದೇ ಭಯಕ್ಕೆ ಗೊಬ್ಬರ. ತೆನಾಲಿಯ ಬೆಕ್ಕು ಹಾಲಿನ ಹತ್ತಿರವೇ ಹೋಗಲಿಲ್ಲ. ಹಾಗಾಗಿ ತಣ್ಣಗಿನ ಹಾಲು ಸುಡುವುದಿಲ್ಲ ಅಂತ ಅದಕ್ಕೆ ಗೊತ್ತಾಗಲೇ ಇಲ್ಲ.

ನಮ್ಮ ಅಕ್ಕನ ಮಗಳು ವಿ.ಸಿ. ನಾಲೆ ಏರಿಯ ಮೇಲೆ ಸ್ಕೂಟರ್ ಜಾರಿ ಬಿದ್ದಳು. ಮೊಣಕೈ ತರಚಿತು ಅಷ್ಟೇ, ಆದರೆ ಗಾಡಿಯ ಮುಂದಿನ ಚಕ್ರ ನೀರಿನ ಕಡೆ ಇಳಿದಿತ್ತು. ಆಮೇಲೆ ಏರಿ ರಸ್ತೆ ಬಿಟ್ಟಳು. ಸುತ್ತು ಹಾಕಿ ಹೋಗುವಾಗ ಹಾಯ್ ಅನ್ನಿಸುತ್ತಿತ್ತು. ಆ ಹಾಯ್ ಅನ್ನಿಸುವುದೇ ಋಣಾತ್ಮಕ ಪುನರ್ಬಲನ. ತಿಂಗಳಲ್ಲಿ ಸ್ಕೂಟರ್ ಬಿಟ್ಟಳು. ನಂತರ ನಾಲೆ ಪಕ್ಕ ಹೋಗುವ ಬಸ್ಸು ಬಿಟ್ಟಳು. ಕೊನೆಗೆ ಕಾಲೇಜೇ ಬಿಡುತ್ತೇನೆ ಅಂದಳು.

ಮಾತ್ರೆಯಿಲ್ಲದೆ ಮಾತುಕತೆ, ಅಭ್ಯಾಸದಿಂದ ಚಿಕಿತ್ಸೆ ಕೊಡುವ ಕ್ಲಿನಿಕಲ್ ಸೈಕಾಲಜಿಸ್ಟ್ ಒಬ್ಬರು ಅವಳ ಜೊತೆ ಕೂತು ಮೆಟ್ಟಿಲುಗಳ ಪಟ್ಟಿ ಮಾಡಿಸಿದರು. ಮೊದಲು ನಾಲೆಯ ಫೋಟೊ ನೋಡುವುದು. ಆಮೇಲೆ ದೂರದಿಂದ ನಾಲೆ ನೋಡಿ ನಿಲ್ಲುವುದು. ಆಮೇಲೆ ಅಕ್ಕನ ಕೈ ಹಿಡಿದು ಏರಿ ಮೇಲೆ ಐವತ್ತು ಹೆಜ್ಜೆ. ಪ್ರತಿ ಮೆಟ್ಟಿಲಲ್ಲೂ ಎದೆಬಡಿತ ಇಳಿಯುವ ತನಕ ಅಲ್ಲೇ ನಿಲ್ಲಬೇಕು, ಓಡಬಾರದು. ಮೂರು ತಿಂಗಳು ಹಿಡಿಯಿತು. ಈ ದಾರಿ ಹಳೆಯದು. 1924ರಲ್ಲಿ ಮೇರಿ ಕವರ್ ಜೋನ್ಸ್, ಮೊಲಕ್ಕೆ ಹೆದರುತ್ತಿದ್ದ ಪೀಟರ್ ಅನ್ನುವ ಮಗುವಿಗೆ ಇಷ್ಟದ ತಿಂಡಿ ಕೊಡುತ್ತಾ ಮೊಲವನ್ನು ದಿನದಿನಕ್ಕೂ ಸ್ವಲ್ಪ ಸ್ವಲ್ಪ ಹತ್ತಿರ ತಂದು ಭಯ ಬಿಡಿಸಿದ್ದರು. ಮೈಸೂರಿನಲ್ಲಿ ವಿಭಾಗ ಶುರುವಾದ ವರ್ಷವೇ ಅದು.

ನನಗೆ ಮನೆ ಚೊಕ್ಕಟವಾಗಿರಬೇಕು. ಇದು ಓಸಿಡಿನಾ?

ಚೊಕ್ಕಟ ಇಷ್ಟಪಡುವುದು ಸ್ವಭಾವ. ಮಡಿ ಮಾಡುವುದು ಆಚಾರ. ಓಸಿಡಿ ಅಂದರೆ ಗೀಳು ಕಾಯಿಲೆ. ಅದರಲ್ಲಿ ಬೇಡವೆಂದರೂ ಯೋಚನೆ ನುಗ್ಗುತ್ತದೆ. ಕೈ ಕೊಳೆಯಿಲ್ಲ ಅಂತ ಗೊತ್ತಿದ್ದೂ ಚರ್ಮ ಸುಲಿಯುವ ತನಕ ತೊಳೆಯಬೇಕಾಗುತ್ತದೆ. ದಿನದಲ್ಲಿ ಗಂಟೆಗಟ್ಟಲೆ ಅದಕ್ಕೇ ಹೋಗುತ್ತದೆ. ಅದರಲ್ಲಿ ಖುಷಿ ಇಲ್ಲ, ಹಿಂಸೆ ಇದೆ. ಒಳ್ಳೆಯ ಚಿಕಿತ್ಸೆಯೂ ಇದೆ.

ಸ್ಕಿಜೋಫ್ರೇನಿಯಾ ಅಂದ್ರೆ ಒಬ್ಬರಲ್ಲೇ ಇಬ್ಬರು ಇರೋದಾ?

ಅಲ್ಲ. 'ಛಿದ್ರಮನಸ್ಕತೆ' ಅನ್ನುವ ಕನ್ನಡ ಪದವೂ, ಮೂಲ ಗ್ರೀಕ್ ಅರ್ಥವೂ ಈ ತಪ್ಪಿಗೆ ದಾರಿ ಮಾಡಿವೆ. ಈ ಕಾಯಿಲೆಯಲ್ಲಿ ಯಾರೂ ಇಲ್ಲದಾಗ ಮಾತು ಕೇಳಿಸುತ್ತದೆ. ಯಾರೋ ತೊಂದರೆ ಕೊಡುತ್ತಿದ್ದಾರೆ ಅನ್ನುವ ಗಟ್ಟಿ ನಂಬಿಕೆ ಬರುತ್ತದೆ. ಮಾತಿನ ಎಳೆ ತಪ್ಪುತ್ತದೆ. ಸ್ನಾನ, ಊಟ, ಮಾತುಕತೆಯಲ್ಲಿ ಆಸಕ್ತಿ ಹೋಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಪ್ರಪಂಚದಲ್ಲಿ ಸುಮಾರು 300 ಜನರಿಗೆ ಒಬ್ಬರಿಗೆ ಇದೆ. ಇವರು ಅಪಾಯಕಾರಿ ಅನ್ನುವುದು ತಪ್ಪು. ಏಟು ಕೊಡುವುದಕ್ಕಿಂತ ತಿನ್ನುವುದೇ ಜಾಸ್ತಿ.

ಗಾಳಿ ಮೆಟ್ಟಿಕೊಂಡಿದೆ ಅಂತ ದೇವಸ್ಥಾನಕ್ಕೆ ಕರೆದುಕೊಂಡು ಹೋಗ್ತಾರೆ. ತಪ್ಪಾ?

ದೇವರಿಗೆ ಹರಕೆ ಹೊತ್ತರೆ, ತಾಯತ ಕಟ್ಟಿಸಿದರೆ ನಾನು ಬೇಡ ಅನ್ನುವುದಿಲ್ಲ. ಮನೆಯವರ ಧೈರ್ಯಕ್ಕೆ ಅದು ಬೇಕಾಗುತ್ತದೆ. ಪೂಜೆಯ ಜೊತೆಗೆ ಡಾಕ್ಟರೂ ಇರಲಿ. ಮಾತ್ರೆ ನಿಲ್ಲಿಸಬೇಡಿ. ಹೊಡೆಸಬೇಡಿ, ಹೊಗೆ ಹಾಕಿಸಬೇಡಿ, ಕಟ್ಟಿಹಾಕಲು ಬಿಡಬೇಡಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಕಾಯಿಲೆಯವರನ್ನು ಸರಪಳಿಯಲ್ಲಿ ಕಟ್ಟುವುದಕ್ಕೆ ಅವಕಾಶವೇ ಇಲ್ಲ.

ಮಾತ್ರೆ ಶುರು ಮಾಡಿದ್ರೆ ಜೀವನಪೂರ್ತಿನಾ? ಕರೆಂಟ್ ಕೊಡ್ತಾರಂತೆ?

ಖಿನ್ನತೆಯ ಮಾತ್ರೆ ಕೆಲಸ ಶುರುಮಾಡಲು ಎರಡರಿಂದ ನಾಲ್ಕು ವಾರ, ಕೆಲವರಿಗೆ ಇನ್ನೂ ಜಾಸ್ತಿ ಬೇಕು. ಹತ್ತು ದಿನಕ್ಕೆ "ಏನೂ ಆಗ್ಲಿಲ್ಲ" ಅಂತ ಬಿಡುವವರೇ ಜಾಸ್ತಿ. ಗುಣವಾದ ಮೇಲೂ ಕನಿಷ್ಠ ಆರು ತಿಂಗಳು ಮುಂದುವರಿಸಿ, ಡಾಕ್ಟರ್ ಹೇಳಿದಂತೆ ನಿಧಾನವಾಗಿ ಇಳಿಸುತ್ತಾರೆ. ಚಟವಾಗುವ ಮಾತ್ರೆಗಳಲ್ಲ ಅವು. ಚಟದ ಭಯ ಇರುವುದು ಕೆಲವು ಬಗೆಯ ನಿದ್ದೆ ಮಾತ್ರೆಗಳಿಗೆ, ಅದಕ್ಕೇ ಅವನ್ನು ಚೀಟಿ ಇಲ್ಲದೆ ತೆಗೆದುಕೊಳ್ಳಬಾರದು. ಸ್ಕಿಜೋಫ್ರೇನಿಯಾ, ಬೈಪೋಲಾರ್ (ಮನಸ್ಸು ಕೆಲವು ಕಾಲ ವಿಪರೀತ ಉಬ್ಬಿ, ಕೆಲವು ಕಾಲ ಕುಗ್ಗುವ ಕಾಯಿಲೆ) ಇದ್ದವರಿಗೆ ವರ್ಷಗಟ್ಟಲೆ ಬೇಕಾಗಬಹುದು. ಬಿ.ಪಿ., ಶುಗರ್ ಮಾತ್ರೆ ನುಂಗುವುದಿಲ್ಲವೇ? ಮಿದುಳಿಗೆ ಸಣ್ಣ ಪ್ರಮಾಣದ ವಿದ್ಯುತ್ ಹಾಯಿಸುವ ಕರೆಂಟ್ ಚಿಕಿತ್ಸೆ ತೀರಾ ಬೇಕಾದವರಿಗೆ ಮಾತ್ರ. ಅರಿವಳಿಕೆ ಇಲ್ಲದೆ ಕೊಡುವುದನ್ನು ಮೇಲೆ ಹೇಳಿದ 2017ರ ಕಾಯ್ದೆ ನಿಷೇಧಿಸಿದೆ.

"ಸಾಯ್ಬೇಕು ಅನ್ಸುತ್ತೆ" ಅಂತಾರೆ. ಅದರ ಬಗ್ಗೆ ಮಾತಾಡಿದ್ರೆ ಜಾಸ್ತಿಯಾಗಲ್ವಾ?

ಆಗಲ್ಲ. ನೇರವಾಗಿ ಕೇಳಿ: "ಸಾಯುವ ಯೋಚನೆ ಬರ್ತಿದೆಯಾ?" ಬೈಯಬೇಡಿ, ಬುದ್ಧಿ ಹೇಳಬೇಡಿ, ಕೇಳಿಸಿಕೊಳ್ಳಿ. ಒಬ್ಬರೇ ಇರಲು ಬಿಡಬೇಡಿ. ನಮ್ಮ ಹಳ್ಳಿ ಮನೆಗಳಲ್ಲಿ ಬೆಳೆಗೆ ಹೊಡೆಯುವ ಔಷಧಿ ಕೈಗೆ ಸಿಗುವಂತೆ ಇರುತ್ತದೆ. ಅದನ್ನು ಇವತ್ತೇ ಮನೆಯಿಂದ ಆಚೆ ಬೀಗದಲ್ಲಿಡಿ. ಆ ಗಳಿಗೆ ದಾಟಿಸಿದರೆ ಎಷ್ಟೋ ಜೀವ ಉಳಿಯುತ್ತವೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಉಚಿತ, ದಿನದ 24 ಗಂಟೆ, ಕನ್ನಡದಲ್ಲೇ ಮಾತಾಡುತ್ತಾರೆ. ಪೊಲೀಸ್ ಕೇಸಿನ ಭಯಕ್ಕೆ ಆಸ್ಪತ್ರೆಗೆ ಹೋಗದೆ ಇರಬೇಡಿ. ಪ್ರಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ಕಾನೂನು ಈಗ ಭಾವಿಸುತ್ತದೆ.

ಯಾರ ಹತ್ತಿರ ಹೋಗಬೇಕು? ಎಲ್ಲಿ?

ಮನೋವೈದ್ಯರು ಎಂ.ಬಿ.ಬಿ.ಎಸ್. ಓದಿದ ಡಾಕ್ಟರು, ಮಾತ್ರೆ ಬರೆಯುತ್ತಾರೆ. ಕ್ಲಿನಿಕಲ್ ಸೈಕಾಲಜಿಸ್ಟ್ ಮಾತುಕತೆ ಮತ್ತು ಅಭ್ಯಾಸಗಳ ಮೂಲಕ ಚಿಕಿತ್ಸೆ ಕೊಡುತ್ತಾರೆ. ನನ್ನಂಥ ಪಾಠ ಹೇಳುವವರು ಚಿಕಿತ್ಸೆ ಕೊಡುವವರಲ್ಲ. ಮೈಸೂರಿನಲ್ಲಿ ಕೆ.ಆರ್. ಆಸ್ಪತ್ರೆ, ಮಂಡ್ಯದಲ್ಲಿ ಮಿಮ್ಸ್ (ಸರ್ಕಾರಿ ಮೆಡಿಕಲ್ ಕಾಲೇಜಿನ ಆಸ್ಪತ್ರೆ), ಎರಡೂ ಕಡೆ ಮನೋವೈದ್ಯ ವಿಭಾಗವಿದೆ. ಮಗುವಿಗೆ ಮಾತು ತಡ, ಕಲಿಕೆಯಲ್ಲಿ ತೊಡಕು ಅನ್ನಿಸಿದರೆ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೆ ಹೋಗಿ.

ಮನೆಯವರು "ನಂಗೇನು ಹುಚ್ಚಾ" ಅಂತ ಬರೋದೇ ಇಲ್ಲ. ಏನು ಮಾಡಲಿ?

"ನಿನಗೆ ಮಾನಸಿಕ ಕಾಯಿಲೆ" ಅಂತ ಶುರುಮಾಡಬೇಡಿ. ಅವರಿಗೇ ಕಷ್ಟವಾಗಿರುವುದನ್ನು ಹಿಡಿಯಿರಿ. "ನಿದ್ದೆ ಬರ್ತಿಲ್ಲ ಅಂತೀರಲ್ಲ, ಅದಕ್ಕೆ ತೋರಿಸೋಣ" ಅಂದರೆ ಒಪ್ಪುವವರು ತುಂಬಾ ಜನ. ಮೊದಲು ನಂಬಿಕೆಯ ಊರ ಡಾಕ್ಟರ ಹತ್ತಿರ ಹೋಗಿ, ಅವರಿಂದಲೇ ಚೀಟಿ ಬರೆಸಿಕೊಳ್ಳಿ. ಅವರು ಯಾರ ಮಾತು ಕೇಳುತ್ತಾರೋ ಅವರಿಂದ ಹೇಳಿಸಿ. ನನ್ನ ಆ ವಿದ್ಯಾರ್ಥಿ ಅಪ್ಪನ ಮಾತಿಗೆ ಒಪ್ಪಲಿಲ್ಲ, ಚಿಕ್ಕಪ್ಪನ ಮಾತಿಗೆ ಬೈಕ್ ಹತ್ತಿದ. ಹೋಗುವಾಗ ಯಾವಾಗ ಶುರುವಾಯಿತು, ನಿದ್ದೆ ಎಷ್ಟು, ಮೊದಲು ಯಾವ ಮಾತ್ರೆ ತೆಗೆದುಕೊಂಡಿದ್ದರು ಅನ್ನುವುದನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಹಳೆಯ ಚೀಟಿಗಳಿದ್ದರೆ ಬಿಡದೆ ಒಯ್ಯಿರಿ. ಹೊರರೋಗಿ ವಿಭಾಗದಲ್ಲಿ ಸಾಲು ಉದ್ದ ಇರುತ್ತದೆ, ಬೆಳಿಗ್ಗೆ ಬೇಗ ಹೋಗಿ, ತಿಂಡಿ ಕಟ್ಟಿಕೊಂಡು ಹೋಗಿ. ಕಾಯುವಾಗ ಪಕ್ಕದಲ್ಲೇ ಕೂತಿರಿ.